ಹಳೆಯ ಕ್ಯಾಮೆರಾಕ್ಕೆ ಯಾವ ಬೆಳಕುಮಾಪಕ?

ಅಟ್ಟದ ಮೇಲೆ, ಟ್ರಂಕುಗಳ ಒಳಗೆ ವರ್ಷಗಟ್ಟಲೆ ಮಲಗಿದ್ದ ಫಿಲ್ಮ್ ಕ್ಯಾಮೆರಾಗಳು ಈಚೆಗೆ ಒಂದೊಂದಾಗಿ ಕೆಳಗಿಳಿಯುತ್ತಿವೆ. ಡಿಜಿಟಲ್ ಯುಗದಲ್ಲಿ ಹುಟ್ಟಿ ಬೆಳೆದ ಮಕ್ಕಳೇ ಅವನ್ನು ಒರೆಸಿ, ರೀಲು ತುಂಬಿ, ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಾರೆ. ಈ ಅಂಕಣಕಾರನಿಗೆ ವಕೀಲಿಯ ಜೊತೆಗೆ ಛಾಯಾಗ್ರಹಣದ ಹವ್ಯಾಸವೂ ಉಂಟೆಂಬುದು ಓದುಗರಲ್ಲಿ ಅನೇಕರಿಗೆ ತಿಳಿದಿರುವುದರಿಂದ, ಗಡಿ, ಗೇಣಿ, ಪಾಲುಪಟ್ಟಿಗಳ ಪ್ರಶ್ನೆಗಳ ನಡುವೆ ಈಗೀಗ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ: ‘ಕ್ಯಾಮೆರಾ ಸರಿಯಾಗಿಯೇ ಇದೆ, ಅದರ ಲೈಟ್ ಮೀಟರ್ ಮಾತ್ರ ಸತ್ತಿದೆ, ಬೇರೆ ಯಾವುದನ್ನು ಕೊಳ್ಳಬೇಕು?’

ಫೋನಿನಲ್ಲಿ ಚಿತ್ರ ತೆಗೆಯುವವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಬೆಳಕು ಹೆಚ್ಚಾದರೆ ಪರದೆಯ ಮೇಲೆ ಕಾಣುತ್ತದೆ, ಅಳಿಸಿ ಮತ್ತೆ ತೆಗೆದರಾಯಿತು. ಫಿಲ್ಮಿನಲ್ಲಿ ಹಾಗಿಲ್ಲ. 120 ಅಳತೆಯ ಒಂದು ರೀಲಿನಲ್ಲಿ ಚೌಕಾಕಾರದ ಚಿತ್ರಗಳು ಸಿಗುವುದು ಹನ್ನೆರಡೇ. ತೊಳೆಯುವ ಲ್ಯಾಬ್ ದೂರದ ಪಟ್ಟಣದಲ್ಲಿರುತ್ತದೆ. ರೀಲು ಅಂಚೆಯಲ್ಲಿ ಹೋಗಿ ಚಿತ್ರವಾಗಿ ಮರಳುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ನಮ್ಮ ಹಾಗೆಯೇ ಗಡಿಯಾಚೆಯ ಕನ್ನಡಿಗರು ನೆಲೆಸಿರುವ ನೀಲಗಿರಿಯ ಊಟಿಯಲ್ಲಿ ಒಂದು ಕಾಲಕ್ಕೆ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮನ್ನು ತಯಾರಿಸುತ್ತಿತ್ತು. ಆ ದಿನಗಳು ಮುಗಿದವು. ಇಂದು ನಮ್ಮ ಕೈಗೆ ಸಿಗುವುದು ಬಹುತೇಕ ಹೊರದೇಶದಿಂದ ಬಂದ, ದುಬಾರಿಯಾದ ರೀಲು. ಅಳತೆ ತಪ್ಪಿದರೆ ಹಣ ಹೋಗುತ್ತದೆ. ತಪ್ಪು ನಮಗೆ ತಿಳಿಯುವ ಹೊತ್ತಿಗೆ, ಯಾವುದನ್ನು ಚಿತ್ರಿಸಹೊರಟೆವೋ ಅದೇ ಇಲ್ಲವಾಗಿರಬಹುದು.

ಹಾಗಾದ ಒಂದು ಸಂದರ್ಭವನ್ನು ಆ ಮನೆಯವರ ಒಪ್ಪಿಗೆಯಿಂದ ಇಲ್ಲಿ ಹೇಳುತ್ತೇನೆ. ಕಾಸರಗೋಡಿನ ಸಮೀಪದ ಒಂದು ಕುಟುಂಬದ ಪಾಲುಪಟ್ಟಿಯನ್ನು ಈಚೆಗೆ ಸಿದ್ಧಪಡಿಸಿಕೊಟ್ಟೆ. ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಹೆಂಚಿನ ಮಾಡು ಇರುವ ಹಳೆಯ ಮನೆ ಮೂವರು ಅಣ್ಣತಮ್ಮಂದಿರ ಪಾಲಿನ ಗೆರೆಗೆ ಅಡ್ಡವಾಗಿ ನಿಂತಿತ್ತು. ಬರುವ ಬೇಸಗೆಯಲ್ಲಿ ಅದನ್ನು ಕೆಡಹುವುದೆಂದು ಎಲ್ಲರೂ ಒಪ್ಪಿದರು. ಸರ್ವೆ ನಂಬರು, ಸೆಂಟ್ಸುಗಳ ಲೆಕ್ಕ, ನಾಲ್ಕು ದಿಕ್ಕಿನ ಗಡಿ ಎಲ್ಲವೂ ಪತ್ರದಲ್ಲಿವೆ. ಆದರೆ ಬೆಳಗಿನ ಬಿಸಿಲು ಚಾವಡಿಯ ಯಾವ ಕಂಬದವರೆಗೆ ಬರುತ್ತಿತ್ತು, ಅಜ್ಜಿ ಎಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದರು ಎಂಬುದನ್ನು ಬರೆಯಲು ಯಾವ ಪತ್ರದಲ್ಲಿಯೂ ಕಲಮಿಲ್ಲ. ಆ ಮನೆಯ ಮೊಮ್ಮಗಳು, ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ, ಸಹಿ ಹಾಕುವ ದಿನ ತನ್ನ ಅಜ್ಜನ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಮದುವೆ ಮನೆಗಳಲ್ಲಿ ಚಿತ್ರ ತೆಗೆಯುತ್ತಿದ್ದ ಆ ಅಜ್ಜ ತನ್ನ ಮನೆಯ ಒಳಗನ್ನು ಎಂದೂ ತೆಗೆದಿರಲಿಲ್ಲವಂತೆ. ಮನೆ ಬೀಳುವ ಮೊದಲು ಅದನ್ನೂ ಅಜ್ಜಿಯನ್ನೂ ಅದೇ ಕ್ಯಾಮೆರಾದಲ್ಲಿ ತೆಗೆಯಬೇಕೆಂಬುದು ಅವಳ ಆಸೆ. ಮೀಟರಿನ ಮುಳ್ಳು ಮಾತ್ರ ಅಲುಗುತ್ತಿರಲಿಲ್ಲ.

ಅವಳ ಪ್ರಶ್ನೆಗೆ ಉತ್ತರಿಸುವ ಮೊದಲು, ಬೆಳಕುಮಾಪಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯಬೇಕು. ಕ್ಯಾಮೆರಾದ ಒಳಗಿರುವ ಮೀಟರ್ ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನು ಅಳೆಯುತ್ತದೆ. ಎದುರಿಗಿರುವುದು ಬಿಳಿಯೋ ಕಪ್ಪೋ ಅದಕ್ಕೆ ತಿಳಿಯದು. ಎಲ್ಲವೂ ನಡುಮಧ್ಯದ ಬೂದು ಬಣ್ಣವೆಂದು ಎಣಿಸಿ, ಆ ಬೂದು ಬರುವಂತಹ ಶಟರ್ ವೇಗವನ್ನೂ ಅಪರ್ಚರನ್ನೂ ಸೂಚಿಸುತ್ತದೆ. ಬಿದ್ದ ಬೆಳಕಿನ 18 ಶೇಕಡವನ್ನು ಮರಳಿಸುವ ಬೂದು ಕಾರ್ಡನ್ನು ಛಾಯಾಗ್ರಾಹಕರು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಬಿಳಿ ಸೀರೆಯುಟ್ಟ ಅಜ್ಜಿಯನ್ನು ಸುಣ್ಣದ ಗೋಡೆಯ ಮುಂದೆ ಕುಳ್ಳಿರಿಸಿ ಇಂತಹ ಮೀಟರ್ ಹೇಳಿದಂತೆಯೇ ಚಿತ್ರ ತೆಗೆದರೆ ಸೀರೆ ಮಾಸಿ, ಮುಖ ಕಪ್ಪಿಡುತ್ತದೆ. ಒಲೆಯ ಹೊಗೆಯಿಂದ ಕಪ್ಪಾದ ಅಡುಗೆಮನೆಯ ಗೋಡೆಯನ್ನು ಅಳೆದರೆ ಅದೇ ಮೀಟರ್ ಹೆಚ್ಚು ಬೆಳಕನ್ನು ಬೇಡಿ, ಮಸಿಯ ಗೋಡೆಯನ್ನು ಬೂದಿಯ ಗೋಡೆಯನ್ನಾಗಿ ಮಾಡುತ್ತದೆ. ಎರಡೂ ಕಡೆ ಮೀಟರ್ ಸುಳ್ಳು ಹೇಳಲಿಲ್ಲ. ತನ್ನ ಎಣಿಕೆಗೆ ತಕ್ಕಂತೆ ಸರಿಯಾಗಿಯೇ ಹೇಳಿತು.

ನಮ್ಮ ನ್ಯಾಯಾಲಯಗಳಲ್ಲಿ ತಜ್ಞರ ಅಭಿಪ್ರಾಯಕ್ಕಿರುವ ಸ್ಥಾನವೂ ಇದೇ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 45ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ಆ ಅಭಿಪ್ರಾಯವನ್ನು ಪ್ರಸ್ತುತವೆಂದು ಒಪ್ಪುತ್ತವೆ. ಆದರೆ ತೀರ್ಪು ಕೊಡುವ ಹೊಣೆ ತಜ್ಞನದ್ದಲ್ಲ, ನ್ಯಾಯಾಧೀಶರದ್ದು. ತಜ್ಞ ಯಾವ ಆಧಾರದ ಮೇಲೆ ಹೇಳಿದ, ಅವನ ವಿಧಾನದ ಮಿತಿಯೇನು ಎಂದು ಕೇಳಿದ ಮೇಲೆಯೇ ಅವನ ಮಾತಿಗೆ ತೂಕ. ಮೀಟರನ್ನು ಆರಿಸುವಾಗಲೂ ನನ್ನ ಮಾನದಂಡ ಇದೊಂದೇ: ಅದರ ಮಿತಿ ನಮಗೆ ಗೊತ್ತಿರಬೇಕು, ಆ ಮಿತಿ ದಿನದಿಂದ ದಿನಕ್ಕೆ ಬದಲಾಗಬಾರದು. ಯಾವಾಗಲೂ ಅರ್ಧ ಸ್ಟಾಪ್ ಕಡಿಮೆ ತೋರಿಸುವ ಮೀಟರನ್ನು ತಿದ್ದಿಕೊಂಡು ಬಳಸಬಹುದು. ಇಂದು ಸರಿ, ನಾಳೆ ತಪ್ಪು ಹೇಳುವುದನ್ನು, ಅದು ಎಷ್ಟು ಹೆಸರುವಾಸಿಯಾದ ಕಂಪನಿಯದ್ದಾಗಿರಲಿ, ನಂಬಲಾಗದು.

ಈ ಮಾನದಂಡದಿಂದ ನೋಡಿದರೆ ಹಳೆಯ ಮೀಟರುಗಳ ಒಳಗಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೊದಲು ಬಂದವು ಸೆಲೆನಿಯಮ್ ಮೀಟರುಗಳು. ಅಮೆರಿಕದ ವೆಸ್ಟನ್ ಕಂಪನಿ 1932ರಲ್ಲಿ ಕೈಯಲ್ಲಿ ಹಿಡಿಯುವ ಇಂತಹ ಮೀಟರನ್ನು ಮಾರುಕಟ್ಟೆಗೆ ತಂದಿತು. ಬೆಳಕು ಬಿದ್ದೊಡನೆ ಸೆಲೆನಿಯಮ್ ಫಲಕ ತಾನೇ ವಿದ್ಯುತ್ತನ್ನು ಹುಟ್ಟಿಸುವುದರಿಂದ ಬ್ಯಾಟರಿ ಬೇಕಿಲ್ಲ. ಒಲಿಂಪಸ್ ಟ್ರಿಪ್ 35, ರಷ್ಯಾದ ಝೆನಿತ್ ಇ ಮೊದಲಾದ ಕ್ಯಾಮೆರಾಗಳಲ್ಲಿರುವುದೂ ಇದೇ. ಆದರೆ ಮಂದ ಬೆಳಕಿನಲ್ಲಿ ಅದರ ಮುಳ್ಳು ಏಳುವುದೇ ಇಲ್ಲ. ತೇವ ಒಳಹೊಕ್ಕರೆ ಫಲಕ ನಿಧಾನವಾಗಿ ಕೆಡುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಹಳೆಯ ಸೆಲೆನಿಯಮ್ ಮೀಟರನ್ನು ಪರೀಕ್ಷಿಸದೆ ಕೊಳ್ಳುವುದು ಜೂಜಿನ ಮಾತೇ ಸರಿ.

ಅನಂತರ 1960ರ ದಶಕದಲ್ಲಿ ಹರಡಿದ್ದು ಕ್ಯಾಡ್ಮಿಯಮ್ ಸಲ್ಫೈಡ್ ಮೀಟರ್. ಮಂದ ಬೆಳಕನ್ನೂ ಅಳೆಯಬಲ್ಲದು, ಗಾತ್ರದಲ್ಲಿ ಚಿಕ್ಕದು. ಆದರೆ ಪ್ರಖರ ಬೆಳಕನ್ನು ಕಂಡ ಬಳಿಕ ಕತ್ತಲೆಗೆ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು. ಬಿಸಿಲಿನ ಅಂಗಳದಿಂದ ಒಳಕೋಣೆಗೆ ಹೋದ ನಮ್ಮ ಕಣ್ಣಿನಂತೆ ಅದೂ ಸ್ವಲ್ಪ ಹೊತ್ತು ತಬ್ಬಿಬ್ಬಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬ್ಯಾಟರಿಯದ್ದು. ಆ ಕಾಲದ ಬಹಳಷ್ಟು ಕ್ಯಾಮೆರಾಗಳು, ಯಾಶಿಕಾ ಮ್ಯಾಟ್ 124ಜಿ ಸೇರಿ, ಪಿಎಕ್ಸ್ 625 ಎಂಬ ಪಾದರಸದ ಬ್ಯಾಟರಿಯನ್ನು ನೆಚ್ಚಿಕೊಂಡಿದ್ದವು. ಅದು ಮುಗಿಯುವವರೆಗೂ ಒಂದೇ ಸಮನೆ 1.35 ವೋಲ್ಟ್ ಕೊಡುತ್ತಿತ್ತು.

ಪಾದರಸದ ಬ್ಯಾಟರಿಗಳು ಮಾರುಕಟ್ಟೆಯಿಂದ ಮಾಯವಾದುದಕ್ಕೆ ಛಾಯಾಗ್ರಾಹಕರು ಕೊರಗಬೇಕಿಲ್ಲ. ಜಪಾನಿನ ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನಿನ ಮೂಲಕ ಮನುಷ್ಯರ ನರಮಂಡಲವನ್ನು ಹಾಳುಮಾಡಿದ ಕತೆಯನ್ನು ಜಗತ್ತಿಗೆ ತೋರಿಸಿದವರಲ್ಲಿ ಯೂಜಿನ್ ಸ್ಮಿತ್ ಎಂಬ ಛಾಯಾಗ್ರಾಹಕರೂ ಒಬ್ಬರು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾತಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು.

ಪಾದರಸದ ಬ್ಯಾಟರಿಯ ಜಾಗದಲ್ಲಿ ಅದೇ ಗಾತ್ರದ ಆಲ್ಕಲೈನ್ ಬ್ಯಾಟರಿಯನ್ನು ಹಾಕಿದರೆ ಮುಳ್ಳು ಅಲುಗುತ್ತದೆ, ನಿಜ. ಆದರೆ ಅದರ ಒತ್ತಡ 1.5 ವೋಲ್ಟಿನಿಂದ ಆರಂಭವಾಗಿ ದಿನೇದಿನೇ ಇಳಿಯುತ್ತದೆ. ಸಾಮಾನ್ಯವಾಗಿ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ಇದೆಯೆಂದು ಭಾವಿಸಿ ಚಿತ್ರವನ್ನು ಕಪ್ಪಾಗಿಸುತ್ತದೆ, ಎಷ್ಟು ಕಪ್ಪೆಂಬುದೂ ಪ್ರತಿದಿನ ಬದಲಾಗುತ್ತದೆ. ಶ್ರವಣಯಂತ್ರಕ್ಕೆ ಬಳಸುವ ಝಿಂಕ್ ಏರ್ ಬ್ಯಾಟರಿ 1.4 ವೋಲ್ಟ್ ಕೊಡುವುದರಿಂದ ಹತ್ತಿರದ ಪರಿಹಾರ. ಆದರೆ ಮೇಲಿನ ಪಟ್ಟಿಯನ್ನು ಕಿತ್ತ ಮೇಲೆ ಬಳಸಲಿ ಬಿಡಲಿ, ಅದರ ಆಯುಸ್ಸು ಕೆಲವು ವಾರಗಳಷ್ಟೆ. 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಬ್ಯಾಟರಿಯನ್ನು ಒತ್ತಡ ತಗ್ಗಿಸುವ ಅಡಾಪ್ಟರಿನಲ್ಲಿ ಕೂರಿಸಿ ಹಾಕುವುದು ಇನ್ನೊಂದು ಸ್ಥಿರವಾದ ದಾರಿ.

ಮೂರನೆಯದು ಸಿಲಿಕಾನ್ ಫೋಟೋಡಯೋಡ್. ತಕ್ಷಣ ಸ್ಪಂದಿಸುತ್ತದೆ, ಬಿಸಿಲಿನಲ್ಲಿಯೂ ಒಳಕೋಣೆಯಲ್ಲಿಯೂ ಸಮನಾಗಿ ಅಳೆಯುತ್ತದೆ, ಇಂದು ಅಂಗಡಿಯಲ್ಲಿ ಸಿಗುವ ಬ್ಯಾಟರಿಯಲ್ಲಿ ನಡೆಯುತ್ತದೆ. ಹೊಸದಾಗಿ ತಯಾರಾಗುವ ಕೈಮೀಟರುಗಳಲ್ಲಿಯೂ, ಕ್ಯಾಮೆರಾದ ಮೇಲೆ ಫ್ಲಾಶ್ ಸಿಕ್ಕಿಸುವ ಶೂವಿನಲ್ಲಿ ಕೂರುವ ಪುಟ್ಟ ಮೀಟರುಗಳಲ್ಲಿಯೂ ಇರುವುದು ಸಾಮಾನ್ಯವಾಗಿ ಇದೇ.

ಮೀಟರಿನ ಒಳಗೇನಿದೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ಎತ್ತ ಮುಖಮಾಡಿ ಅಳೆಯುತ್ತದೆ ಎಂಬುದು. ವಸ್ತುವಿನಿಂದ ಬರುವ ಬೆಳಕನ್ನು ಅಳೆಯುವ ಬದಲು, ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವ ಕ್ರಮವೊಂದಿದೆ. ಮೀಟರಿನ ತಲೆಯ ಮೇಲೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧಕ್ಕೆ ಕತ್ತರಿಸಿಟ್ಟಂತಹ ಬಿಳಿಯ ಬುಗ್ಗೆಯಿರುತ್ತದೆ. ಅಮೆರಿಕದ ಡಾನ್ ನಾರ್ವುಡ್ ರೂಪಿಸಿದ ಈ ಅರ್ಧಗೋಲ ಇಂದಿಗೂ ಬದಲಾಗಿಲ್ಲ. ಜಪಾನಿನ ಸೆಕೋನಿಕ್ ಕಂಪನಿಯ ಎಲ್-398 ಸಾಲಿನ ಮೀಟರುಗಳು ಅದೇ ವಂಶದವು. ಚಿತ್ರ ತೆಗೆಯಬೇಕಾದವರ ಮುಖದ ಬಳಿ ಮೀಟರನ್ನು ಹಿಡಿದು ಬುಗ್ಗೆಯನ್ನು ಕ್ಯಾಮೆರಾದತ್ತ ತಿರುಗಿಸಿ ಅಳೆಯಬೇಕು. ಆಗ ಸೀರೆ ಬಿಳಿಯೋ ಗೋಡೆ ಕಪ್ಪೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬಿಳಿ ಬಿಳಿಯಾಗಿಯೇ, ಮಸಿ ಮಸಿಯಾಗಿಯೇ ಉಳಿಯುತ್ತದೆ.

ವಸ್ತು ಇರುವಲ್ಲಿಗೆ ಹೋಗಲಾಗದಿದ್ದರೆ ಮಾತ್ರ ಈ ಕ್ರಮ ಸೋಲುತ್ತದೆ. ರಾತ್ರಿಯ ತೆಯ್ಯಂ, ಭೂತದ ಕೋಲ, ಯಕ್ಷಗಾನಗಳನ್ನು ನೆನೆಯಿರಿ. ನೀವು ನಿಂತಲ್ಲಿ ಕತ್ತಲೆ, ದೀವಟಿಗೆಯ ಬೆಳಕಿರುವುದು ಅಲ್ಲಿ. ಹತ್ತಿರ ಹೋಗಿ ಮುಖಕ್ಕೆ ಮೀಟರ್ ಹಿಡಿಯುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಅಲ್ಲಿ ಬೇಕಾದುದು ಒಂದು ಡಿಗ್ರಿಯಷ್ಟು ಕಿರಿದಾದ ಕೋನದಲ್ಲಿ ಮುಖವನ್ನೊಂದೇ ಆರಿಸಿ ಅಳೆಯುವ ಸ್ಪಾಟ್ ಮೀಟರ್. ಅದು ದುಬಾರಿ, ಬಳಸಲು ಅಭ್ಯಾಸವೂ ಬೇಕು. ಆ ಬಗೆಯ ಚಿತ್ರಗಳನ್ನೇ ತೆಗೆಯುವವರನ್ನು ಬಿಟ್ಟು ಉಳಿದವರು ಅದಕ್ಕಾಗಿ ಹಣ ಹಾಕಬೇಕೆಂದು ನಾನು ಹೇಳಲಾರೆ.

ಇನ್ನು ಫೋನಿನ ಆ್ಯಪ್‌ಗಳು. ಅವುಗಳ ಬಗ್ಗೆ ಮೂಗು ಮುರಿಯುವುದು ಸರಿಯಲ್ಲ. ಹಗಲು ಬೆಳಕಿನಲ್ಲಿ ಅವು ಸಾಕಷ್ಟು ವಿಶ್ವಾಸಾರ್ಹವಾಗಿಯೇ ಅಳೆಯುತ್ತವೆ, ಖರ್ಚೂ ಇಲ್ಲ. ಆದರೆ ಅವು ಫೋನಿನ ಕ್ಯಾಮೆರಾದ ಮೂಲಕ ಪ್ರತಿಫಲಿತ ಬೆಳಕನ್ನು ನೋಡುವಂಥವು. ಬಿಳಿ ಸೀರೆ, ಕಪ್ಪು ಗೋಡೆಯ ತೊಡಕು ಅಲ್ಲಿಯೂ ಹಾಗೆಯೇ ಇದೆ. ಬೂದು ಕಾರ್ಡೊಂದನ್ನು ಜೊತೆಗಿಟ್ಟುಕೊಂಡರೆ ಆ ದೋಷ ಬಹುಮಟ್ಟಿಗೆ ನೀಗುತ್ತದೆ. ಕಾರ್ಡಿಲ್ಲದಿದ್ದರೆ ಅದೇ ಬೆಳಕಿನಲ್ಲಿ ನಿಮ್ಮ ಅಂಗೈಯನ್ನು ಅಳೆದು, ಸುಮಾರು ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಿ.

ಈಗ ಆ ಮೊಮ್ಮಗಳ ಪ್ರಶ್ನೆಗೆ ಬರೋಣ. ಹಳೆಯ ಮೀಟರನ್ನು ದುರಸ್ತಿ ಮಾಡಿಸುವುದು ಬೇಡವೆಂದೆ. ಐವತ್ತು ವರ್ಷ ಹಳೆಯ ಬಿಡಿಭಾಗವನ್ನು ಬದುಕಿಸಿದರೂ ಅದು ಪ್ರತಿಫಲಿತ ಬೆಳಕಿನ ಮೀಟರೇ ಆಗಿ ಉಳಿಯುತ್ತದೆ. ಕ್ಯಾಮೆರಾದ ಶಟರಾಗಲಿ ಅಪರ್ಚರಾಗಲಿ ಆ ಮೀಟರನ್ನು ಅವಲಂಬಿಸಿಲ್ಲ. ಮೀಟರ್ ಸತ್ತರೂ ಕ್ಯಾಮೆರಾ ಜೀವಂತ. ಬೀಳುವ ಬೆಳಕನ್ನು ಅಳೆಯುವ, ಸಿಲಿಕಾನ್ ಕೋಶದ ಸರಳ ಕೈಮೀಟರನ್ನು, ಸಾಧ್ಯವಾದರೆ ಒಂದು ಕೈ ಬಳಸಿದ್ದನ್ನು, ಹುಡುಕುವಂತೆ ಹೇಳಿದೆ. ಸೆಕೋನಿಕ್ ಎಲ್-308ರಂತಹವು ಒಂದೇ ಒಂದು ಎಎ ಬ್ಯಾಟರಿಯಲ್ಲಿ ನಡೆಯುತ್ತವೆ. ಬುಗ್ಗೆಯನ್ನು ಬದಿಗೆ ಸರಿಸಿದರೆ ಪ್ರತಿಫಲಿತ ಬೆಳಕನ್ನೂ ಅಳೆಯುತ್ತವೆ. ಅದು ಕೈಗೂಡದಿದ್ದರೆ ಫೋನು ಮತ್ತು ಬೂದು ಕಾರ್ಡು ಸಾಕು. ಹೊಸ ಮೀಟರಿಗಾಗಿ ಸಾಲ ಮಾಡುವ ಅಗತ್ಯವಿಲ್ಲ, ಆ ಹಣದಲ್ಲಿ ಇನ್ನೆರಡು ರೀಲು ಕೊಳ್ಳುವುದು ಲೇಸು.

ಲೆಕ್ಕವನ್ನೂ ಒಮ್ಮೆ ಮಾಡಿ ತೋರಿಸಿದೆ. ನಿಚ್ಚಳ ಬಿಸಿಲಿನಲ್ಲಿ ಐಎಸ್ಒ 100ರ ಫಿಲ್ಮಿಗೆ ಅಪರ್ಚರ್ ಎಫ್ 16, ಶಟರ್ 1/125 ಸೆಕೆಂಡು. ಛಾಯಾಗ್ರಾಹಕರ ಭಾಷೆಯಲ್ಲಿ ಇದು ಇವಿ 15. ಒಂದೊಂದು ಅಂಕೆ ಇಳಿದಂತೆ ಬೆಳಕು ಅರ್ಧವಾಗುತ್ತದೆ. ಅಂತಹ ಮನೆಯ ನಡುಕೋಣೆಯಲ್ಲಿ ಇವಿ 5 ಇದೆಯೆನ್ನೋಣ. ಅಂಗಳದ ಬಿಸಿಲಿನ ಸಾವಿರದಲ್ಲೊಂದು ಪಾಲು. ಐಎಸ್ಒ 400ರ ಫಿಲ್ಮ್ ಹಾಕಿದರೂ ಎಫ್ 4ಕ್ಕೆ 1/8 ಸೆಕೆಂಡು ಬೇಕು, ಎಫ್ 8ಕ್ಕೆ ಅರ್ಧ ಸೆಕೆಂಡು, ಎಫ್ 16ಕ್ಕೆ 2 ಸೆಕೆಂಡು. ಕೈಯಲ್ಲಿ ಹಿಡಿದರೆ ಅಲುಗುತ್ತದೆ, ಟ್ರೈಪಾಡ್ ಬೇಕೇ ಬೇಕು. ಒಂದು ಸೆಕೆಂಡು ಮೀರಿದರೆ ಇನ್ನೊಂದು ಮಾತೂ ಇದೆ: ದೀರ್ಘಕಾಲದ ಮಂದ ಬೆಳಕಿಗೆ ಫಿಲ್ಮ್ ಜಡವಾಗುತ್ತದೆ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಮೀಟರ್ 2 ಸೆಕೆಂಡು ಎಂದರೆ ಸುಮಾರು 2.5 ಸೆಕೆಂಡು ಕೊಡಬೇಕು. ಇದನ್ನು ಯಾವ ಮೀಟರಿನ ಮುಳ್ಳೂ ತಾನಾಗಿ ಹೇಳುವುದಿಲ್ಲ. ಅಜ್ಜಿಯನ್ನು ಮಾತ್ರ ಚಾವಡಿಯ ಕಿಟಕಿಯ ಬಳಿಯೇ ಕುಳ್ಳಿರಿಸು, ವಯಸ್ಸಾದವರನ್ನು ಎರಡು ಸೆಕೆಂಡು ಅಲುಗದಿರಿ ಎನ್ನುವುದು ನ್ಯಾಯವಲ್ಲ ಎಂದೆ.

ಬಳಸಿದ ಮೀಟರನ್ನು ಕೊಳ್ಳುವವರಿಗೆ ಕೆಲವು ಎಚ್ಚರಿಕೆಗಳಿವೆ. ಬ್ಯಾಟರಿಯ ಕೋಣೆಯನ್ನು ತೆರೆದು ನೋಡಿ. ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಬಿಟ್ಟುಬಿಡಿ. ಮೀಟರಿನ ಕಣ್ಣನ್ನು ಪೂರ್ತಿ ಮುಚ್ಚಿದಾಗ ಮುಳ್ಳು ಸೊನ್ನೆಗೆ ಬರಬೇಕು. ಮೋಡವಿಲ್ಲದ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ಸೂರ್ಯನಿಗೆ ಬುಗ್ಗೆಯನ್ನು ಎದುರಾಗಿಸಿ ಅಳೆಯಿರಿ. ಮೇಲೆ ಹೇಳಿದ ಎಫ್ 16, 1/125ಕ್ಕೆ ಅರ್ಧ ಸ್ಟಾಪಿನ ಆಚೀಚೆ ಬಂದರೆ ಒಳ್ಳೆಯದು. ಅಷ್ಟಕ್ಕೇ ತೃಪ್ತರಾಗದೆ ನೆರಳಿನಲ್ಲಿ, ಒಳಕೋಣೆಯಲ್ಲಿ ಕೂಡ ಒಂದು ಒಳ್ಳೆಯ ಡಿಜಿಟಲ್ ಕ್ಯಾಮೆರಾದ ಅಳತೆಯೊಂದಿಗೆ ಹೋಲಿಸಿ. ಮೂರೂ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ ಆ ಮೀಟರ್ ಬಳಕೆಗೆ ಯೋಗ್ಯ. ಹಳೆಯ ಜರ್ಮನ್ ಮೀಟರುಗಳ ಮೇಲೆ ಫಿಲ್ಮಿನ ವೇಗ ಡಿನ್ ಅಂಕೆಯಲ್ಲಿರುತ್ತದೆ: 21 ಡಿನ್ ಎಂದರೆ ಐಎಸ್ಒ 100, ಮೂರು ಕೂಡಿದರೆ ವೇಗ ಇಮ್ಮಡಿ. ವೆಸ್ಟನ್ನಿನ ಹಳೆಯ ಅಂಕೆ 80 ಎಂದರೆ ಹೆಚ್ಚುಕಡಿಮೆ ಇಂದಿನ 100.

ದಿನಸಿ ಅಂಗಡಿಯ ತಕ್ಕಡಿಗೆ 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ಸರಕಾರದ ಮುದ್ರೆ ಬೀಳಬೇಕು. ಹವ್ಯಾಸಿಯ ಬೆಳಕುಮಾಪಕಕ್ಕೆ ಹಾಗೆ ಮುದ್ರೆ ಒತ್ತಿಕೊಡುವವರಿಲ್ಲ, ಪರೀಕ್ಷೆಯ ಹೊಣೆ ನಿಮ್ಮದೇ. ಖಾಸಗಿ ವ್ಯಕ್ತಿಯಿಂದ ಹಳೆಯ ಸಾಮಾನು ಕೊಂಡರೆ ಅದರ ಗುಣಮಟ್ಟದ ಬಗ್ಗೆ ಕಾನೂನು ಸಾಮಾನ್ಯವಾಗಿ ತಾನಾಗಿ ಖಾತರಿ ಕೊಡುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ತಿರುಳು. ಆದ್ದರಿಂದ ‘ಸರಿಯಾಗಿ ಕೆಲಸ ಮಾಡುತ್ತದೆ’ ಎಂಬ ಮಾತನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ. ವಾಟ್ಸಾಪಿನ ಒಂದು ಸಾಲಾದರೂ ಇರಲಿ.

ಮೀಟರಿನಷ್ಟೇ ಶಟರನ್ನೂ ಅನುಮಾನಿಸಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಶಟರಿನ ಎಣ್ಣೆ ಅಂಟಾಗಿ ನಿಧಾನ ವೇಗಗಳು ಇನ್ನಷ್ಟು ನಿಧಾನವಾಗುತ್ತವೆ. ಒಂದು ಸೆಕೆಂಡಿಗಿಟ್ಟು ಒತ್ತಿ ಕಿವಿಗೊಟ್ಟರೆ ತಿಳಿಯುತ್ತದೆ. ಮೊದಲ ಖರ್ಚು ಅದನ್ನು ಸ್ವಚ್ಛಗೊಳಿಸಲು ಆಗಲಿ. ಅರ್ಧ ಸ್ಟಾಪಿನ ತಪ್ಪಿಗೆ ಗಾಬರಿಯಾಗಬೇಕಿಲ್ಲ: ನೆಗೆಟಿವ್ ಫಿಲ್ಮ್ ಒಂದೆರಡು ಸ್ಟಾಪ್ ಹೆಚ್ಚಿನ ಬೆಳಕನ್ನು ಸಹಿಸುತ್ತದೆ, ಕಡಿಮೆಯನ್ನು ಸಹಿಸುವುದಿಲ್ಲ. ಸಂಶಯ ಬಂದಾಗ ಹೆಚ್ಚೇ ಕೊಡಿ. ಸ್ಲೈಡ್ ಫಿಲ್ಮಿಗೆ ಮಾತ್ರ ಈ ಉದಾರತೆ ಸಲ್ಲದು.

ಮೀಟರನ್ನು ನಂಬುವ ಎಲ್ಲರೂ ತಿಳಿದಿರಬೇಕಾದ ಒಂದು ಪ್ರಸಂಗವಿದೆ. 1941ರಲ್ಲಿ ಆನ್ಸೆಲ್ ಆಡಮ್ಸ್ ಅಮೆರಿಕದ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದಾಗ, ಇಳಿಬಿಸಿಲಿನಲ್ಲಿ ಸ್ಮಶಾನದ ಶಿಲುಬೆಗಳು ಹೊಳೆಯುತ್ತಿದ್ದವು, ಮೇಲೆ ಚಂದ್ರ ಮೂಡಿದ್ದ. ಎಷ್ಟು ತಡಕಿದರೂ ಅವರ ವೆಸ್ಟನ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬ ಅಂಕೆ ನೆನಪಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ಅವರ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಅದೂ ಒಂದು. ಮೀಟರ್ ಬೇಡವೆಂಬುದು ಇದರ ಅರ್ಥವಲ್ಲ. ವರ್ಷಗಟ್ಟಲೆ ಮೀಟರ್ ಹಿಡಿದು ಅಳೆದುದರಿಂದಲೇ ಬೆಳಕಿನ ಲೆಕ್ಕ ಅವರ ತಲೆಯಲ್ಲಿ ನಿಂತಿತ್ತು.

ಆದ್ದರಿಂದ ಯಾವ ಮೀಟರನ್ನೇ ಕೊಳ್ಳಿ, ಅದರೊಂದಿಗೆ ಹತ್ತು ರೂಪಾಯಿಯ ಒಂದು ನೋಟುಪುಸ್ತಕವನ್ನೂ ಕೊಳ್ಳಿ. ಪ್ರತಿ ಚಿತ್ರಕ್ಕೂ ಮೀಟರ್ ಏನು ಹೇಳಿತು, ನೀವು ಏನು ಕೊಟ್ಟಿರಿ, ಗಂಟೆ ಎಷ್ಟು ಎಂದು ಬರೆದಿಡಿ. ನೆಗೆಟಿವ್ ಮರಳಿ ಬಂದಾಗ ಎರಡನ್ನೂ ಎದುರುಬದುರಾಗಿಟ್ಟು ನೋಡಿ. ಮೂರು ರೀಲುಗಳ ಬಳಿಕ ನಿಮ್ಮ ಮೀಟರಿನ ಸ್ವಭಾವ ನಿಮಗೆ ತಿಳಿದಿರುತ್ತದೆ. ಮೊಮ್ಮಗಳಿಗೂ ಇದನ್ನೇ ಹೇಳಿದ್ದೇನೆ: ಮೊದಲ ರೀಲು ತೋಟದಲ್ಲಿ, ಕಲಿಯುವುದಕ್ಕೆ, ಅದು ತೊಳೆದು ಬಂದ ಮೇಲೆ ಎರಡನೆಯದು ಮನೆಯೊಳಗೆ. ಬೇಸಗೆಗೆ ಇನ್ನೂ ಸಮಯವಿದೆ. ಆದರೆ ಲ್ಯಾಬಿನಿಂದ ರೀಲು ಮರಳಲು ಬೇಕಾಗುವ ವಾರಗಳನ್ನು ಕಳೆದು ನೋಡಿದರೆ ಅಷ್ಟೇನೂ ಹೆಚ್ಚಿಲ್ಲ.

ಪಾಲುಪಟ್ಟಿಯ ನೋಂದಣಿಯ ಕುರಿತು ಬಂದಿರುವ ಪ್ರಶ್ನೆಗಳಿಗೆ ಮುಂದಿನ ವಾರ ಉತ್ತರಿಸುತ್ತೇನೆ.